ಪದಕೋಶದ ಡಾ. ಜಾನ್ಸನ್ ಮತ್ತು ನನ್ನ ‘ಮೋರ್ ಬೆಟರ್’



ಕಳೆದ ವರ್ಷ ಇಂಗ್ಲಿಷ್ ಕಿರುಪರೀಕ್ಷೆಯಲ್ಲಿ ‘ಮೋರ್ ಬೆಟರ್’ ಎಂದು ಬರೆದು ನಾನು ಒಂದು ಅಂಕ ಕಳೆದುಕೊಂಡೆ. ನಮ್ಮ ಮನೆಯಲ್ಲಿ ಉರ್ದು. ಅಲ್ಲಿ ‘ಜ್ಯಾದಾ ಬೆಹತರ್’ ಎಂದರೆ ಯಾರೂ ತಡೆಯುವುದಿಲ್ಲ. ಅದೇ ಅಭ್ಯಾಸ ಇಂಗ್ಲಿಷಿಗೂ ಬಂತು. ಈ ನಿಯಮಗಳನ್ನು ಯಾರು ಬರೆದಿಟ್ಟರು ಎಂದು ಹುಡುಕುತ್ತಾ ಹೋದಾಗ ಹಳೆಯ ಕಾಲದ ಒಬ್ಬರ ಹೆಸರು ಸಿಕ್ಕಿತು. ಅವರೇ ಡಾ. ಸ್ಯಾಮ್ಯುಯೆಲ್ ಜಾನ್ಸನ್.

ಜಾನ್ಸನ್ 1709ರ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಲಿಚ್‌ಫೀಲ್ಡ್‌ನಲ್ಲಿ ಜನಿಸಿದರು. ತಂದೆ ಪುಸ್ತಕದ ವ್ಯಾಪಾರಿ. ಅಂಗಡಿಯ ತುಂಬ ಪುಸ್ತಕ, ಕೈಯಲ್ಲಿ ಮಾತ್ರ ಹಣವಿಲ್ಲ. ಚಿಕ್ಕಂದಿನ ಕಾಯಿಲೆಯಿಂದ ಅವರ ಕಣ್ಣಿನ ದೃಷ್ಟಿ ಕುಂದಿತು, ಮುಖದಲ್ಲಿ ಕಲೆ ಉಳಿಯಿತು. 1728ರಲ್ಲಿ ಆಕ್ಸ್‌ಫರ್ಡ್‌ನ ಪೆಂಬ್ರೋಕ್ ಕಾಲೇಜು ಸೇರಿದರು. ಅವರ ಹರಿದ ಬೂಟು ಕಂಡು ಯಾರೋ ಹೊಸ ಜೋಡಿಯನ್ನು ಬಾಗಿಲ ಬಳಿ ಇಟ್ಟು ಹೋದರಂತೆ. ಸ್ವಾಭಿಮಾನಿ ಜಾನ್ಸನ್ ಅದನ್ನು ಎಸೆದುಬಿಟ್ಟರಂತೆ. ಸುಮಾರು 13 ತಿಂಗಳಲ್ಲಿ ಹಣವಿಲ್ಲದೆ ಕಾಲೇಜು ಬಿಡಬೇಕಾಯಿತು. ಪದವಿ ಸಿಗಲಿಲ್ಲ. ಮುಂದೆ ತಾವೇ ತೆರೆದ ಶಾಲೆಯೂ ಬೆರಳೆಣಿಕೆಯ ಮಕ್ಕಳೊಂದಿಗೆ ಮುಚ್ಚಿಹೋಯಿತು. 1737ರಲ್ಲಿ ತಮ್ಮ ಶಿಷ್ಯ ಡೇವಿಡ್ ಗ್ಯಾರಿಕ್‌ನೊಂದಿಗೆ ಲಂಡನ್ನಿಗೆ ಹೋಗಿ ಪತ್ರಿಕೆಗಳಿಗೆ ಬರೆದು ಬದುಕಿದರು.

1746ರಲ್ಲಿ ಪುಸ್ತಕ ವ್ಯಾಪಾರಿಗಳು ಇಂಗ್ಲಿಷ್ ಪದಕೋಶ ಬರೆಯಲು 1,500 ಗಿನಿ ಕೊಡುವುದಾಗಿ ಒಪ್ಪಿದರು. ಫ್ರಾನ್ಸಿನ ಅಕಾಡೆಮಿಯಲ್ಲಿ 40 ಪಂಡಿತರು ದಶಕಗಟ್ಟಲೆ ಮಾಡಿದ ಕೆಲಸವನ್ನು ಜಾನ್ಸನ್ ಮೂರು ವರ್ಷದಲ್ಲಿ ಮುಗಿಸುತ್ತೇನೆಂದರು. ಆದರೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಸಹಾಯಕರು ಆರು ಮಂದಿ, ಅವರ ಸಂಬಳವೂ ಅದೇ ಹಣದಲ್ಲಿ. ಕೆಲಸದ ಮಧ್ಯೆ, 1752ರಲ್ಲಿ ಪತ್ನಿ ತೀರಿಕೊಂಡರು. 1755ರಲ್ಲಿ ಎರಡು ದೊಡ್ಡ ಸಂಪುಟಗಳಲ್ಲಿ 42,000ಕ್ಕೂ ಹೆಚ್ಚು ಪದಗಳ ಕೋಶ ಹೊರಬಂತು. ಪ್ರಕಟಣೆಗೆ ಸ್ವಲ್ಪ ಮೊದಲು ಆಕ್ಸ್‌ಫರ್ಡ್ ಅವರಿಗೆ ಎಂ.ಎ. ಪದವಿ ನೀಡಿತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಆಶ್ಚರ್ಯವಾದದ್ದು ಮುಂದಿನ ವಿಷಯ. ಮರುವರ್ಷವೇ ಸುಮಾರು ಆರು ಪೌಂಡ್ ಸಾಲಕ್ಕಾಗಿ ಅವರ ಬಂಧನವಾಯಿತು. ಕಾದಂಬರಿಕಾರ ರಿಚರ್ಡ್‌ಸನ್ ಹಣ ಕಳಿಸಿ ಬಿಡಿಸಿದರು.

ಆ ಕೋಶದ ಮೊದಲಿಗೆ ಜಾನ್ಸನ್ ಒಂದು ವ್ಯಾಕರಣವನ್ನೂ ಸೇರಿಸಿದ್ದರು. ಅದರಲ್ಲಿ ಹೋಲಿಕೆಯ ಪಾಠವಿದೆ. ಒಂದೇ ಸಿಲಬಲ್‌ನ ಚಿಕ್ಕ ಪದಗಳಿಗೆ ಕೊನೆಯಲ್ಲಿ ‘ಅರ್’, ‘ಎಸ್ಟ್’ ಸೇರುತ್ತವೆ: ಟಾಲ್, ಟಾಲರ್, ಟಾಲೆಸ್ಟ್. ಎರಡಕ್ಕಿಂತ ಹೆಚ್ಚು ಸಿಲಬಲ್ ಇರುವ ಉದ್ದ ಪದಗಳ ಮುಂದೆ ಸಾಮಾನ್ಯವಾಗಿ ‘ಮೋರ್’, ‘ಮೋಸ್ಟ್’ ಬರುತ್ತವೆ: ಮೋರ್ ಬ್ಯೂಟಿಫುಲ್. ಎರಡು ಸಿಲಬಲ್‌ನ ‘ಕೇರ್‌ಫುಲ್’ನಂಥ ಪದಗಳಿಗೂ ‘ಮೋರ್’ ಬೇಕು. ಗುಡ್, ಬೆಟರ್, ಬೆಸ್ಟ್ ಮುಂತಾದವು ಯಾವ ನಿಯಮಕ್ಕೂ ಸಿಗುವುದಿಲ್ಲ, ಬಾಯಿಪಾಠವೇ ದಾರಿ. ಬೆಟರ್‌ನಲ್ಲೇ ಹೋಲಿಕೆ ಇದೆ, ಅದಕ್ಕೆ ಮತ್ತೆ ‘ಮೋರ್’ ಸೇರಿಸಿದ್ದೇ ನನ್ನ ತಪ್ಪು. ಇಂಥ ಎರಡೆರಡು ಹೋಲಿಕೆ ಜಾನ್ಸನ್‌ಗೂ ಹಿಡಿಸುತ್ತಿರಲಿಲ್ಲ. ‘ಲೆಸ್’ ಇರುವಾಗ ‘ಲೆಸ್ಸರ್’ ಯಾಕೆ ಎಂದು ಅದನ್ನು ಒರಟು ಪದವೆಂದು ಬೈದಿದ್ದರು. ಇಂದು ಅದು ಎಲ್ಲ ಪುಸ್ತಕಗಳಲ್ಲೂ ಇದೆ!

ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ಮಾತು. ಹೋಲಿಕೆಯ ರೂಪಗಳನ್ನು ಪೂರ್ತಿ ನಿಯಮಕ್ಕೆ ಕಟ್ಟಿಹಾಕುವುದು ಕಷ್ಟ, ನಾಲಿಗೆಗೆ ಸುಲಭವಾದದ್ದು, ಕಿವಿಗೆ ಹಿತವಾದದ್ದು ಉಳಿಯುತ್ತದೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಮಹಾಕವಿ ಮಿಲ್ಟನ್ ‘ಫೇಮಸೆಸ್ಟ್’ ಎಂದು ಬಳಸಿದ್ದನ್ನೂ ತೋರಿಸಿದ್ದಾರೆ. ಅಷ್ಟು ದೊಡ್ಡ ಪಂಡಿತರಿಗೇ ಕಷ್ಟವಾದದ್ದು ನಮಗೆ ಒಂದೇ ದಿನದಲ್ಲಿ ಬರಬೇಕೆಂದೇನಿಲ್ಲ.

ನಮ್ಮ ಭಾಷೆಗಳ ಜೊತೆ ಇಟ್ಟು ನೋಡಿದರೆ ಕಲಿಯುವುದು ಸುಲಭ. ಕನ್ನಡದಲ್ಲಿ ಗುಣದ ಪದ ಬದಲಾಗುವುದಿಲ್ಲ, ‘ಗಿಂತ’ ಸಾಕು: ಮಂಡ್ಯಕ್ಕಿಂತ ಮೈಸೂರು ದೊಡ್ಡದು. ಉರ್ದುವಿಗೆ ಫಾರ್ಸಿಯಿಂದ ಬಂದ ‘ಬೆಹತರ್’, ‘ಬೆಹತರೀನ್’ ಮಾತ್ರ ಇಂಗ್ಲಿಷಿನಂತೆ ಬಾಲ ಬದಲಿಸುತ್ತವೆ. ಉತ್ತರ ನನ್ನ ಮನೆಯಲ್ಲೇ ಇತ್ತು, ನಾನು ಗಮನಿಸಿರಲಿಲ್ಲ.

ಜಾನ್ಸನ್ 1784ರ ಡಿಸೆಂಬರ್ 13ರಂದು ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಸಮಾಧಿಯಿದೆ. ಫೀಸು ಕಟ್ಟಲಾಗದೆ ಓದು ನಿಲ್ಲಿಸುವ ಯೋಚನೆಯಲ್ಲಿರುವವರು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರು ಈ ಜೀವನವನ್ನು ಒಮ್ಮೆ ಓದಲಿ, ಮತ್ತು ಬಿಡುವ ಮೊದಲು ಒಬ್ಬ ಉಪನ್ಯಾಸಕರ ಬಳಿಯಾದರೂ ಹೇಳಿಕೊಳ್ಳಲಿ ಎಂಬುದು ನನ್ನ ವಿನಂತಿ.