ಹಕ್ಕಿಗಳ ಬೆನ್ನುಹತ್ತಿದ ಗುಮಾಸ್ತೆ: ಫಿಲಿಪ್ ಹೆನ್ರಿ ಗಾಸ್

ಮಾಗಿಯ ಚಳಿ ತೊಡಗಿತೆಂದರೆ ನಮ್ಮ ಕಾಲೇಜಿನ ಆಟದ ಬಯಲಿಗೆ ಬಾಲ ಕುಣಿಸುವ ಸಿಪಿಲೆ ಹಕ್ಕಿಗಳು ಬರುತ್ತವೆ. ಬೇಸಗೆ ತಲೆದೋರಿತೆಂದರೆ ಮಾಯವಾಗುತ್ತವೆ. ಇವು ಎಲ್ಲಿಂದ ಬರುತ್ತವೆಂದು ಪುಸ್ತಕ ಭಂಡಾರದಲ್ಲಿ ಹುಡುಕುತ್ತಿದ್ದಾಗ ನನಗೆ ಪರಿಚಯವಾದವನು ಫಿಲಿಪ್ ಹೆನ್ರಿ ಗಾಸ್. ಆತನ ಜೀವನವನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಾಸ್ ಹುಟ್ಟಿದುದು 1810ರಲ್ಲಿ, ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ. ಬೆಳೆದುದು ಪೂಲ್ ಎಂಬ ರೇವುಪಟ್ಟಣದಲ್ಲಿ. ತಂದೆ ಊರೂರು ಅಲೆದು ಸಣ್ಣ ಭಾವಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಮಗನಿಗೆ ಆತನಿಂದ ಬಂದ ಆಸ್ತಿಯೆಂದರೆ ಚಿತ್ರ ಬರೆಯುವ ಕೈ ಒಂದೇ. ವಿಶ್ವವಿದ್ಯಾನಿಲಯದ ಓದು ಗಾಸನಿಗೆ ದೊರೆಯಲಿಲ್ಲ. 1827ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಒಂದು ವ್ಯಾಪಾರದ ಕೋಠಿಯ ಗುಮಾಸ್ತೆಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲೆಂಡಿನ ಕಾರ್ಬೊನಿಯರಿಗೆ ಹೋದನು. ಮೀನು, ಸೀಲುಗಳ ವ್ಯಾಪಾರದ ಊರು. ಹಿಮ ಹೆಪ್ಪುಗಟ್ಟುವ ನಾಡು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡನು. ಅಂದಿನಿಂದ ಲೆಕ್ಕ ಬರೆದು ಉಳಿದ ಹೊತ್ತೆಲ್ಲ ಕೀಟಗಳನ್ನು ನೋಡಿ ಚಿತ್ರ ಬರೆಯುವುದರಲ್ಲಿ ಕಳೆಯಿತು.

1835ರಲ್ಲಿ ಕೆನಡದ ಕಾಂಪ್ಟನ್ ಎಂಬಲ್ಲಿ ಬೇಸಾಯಕ್ಕಿಳಿದನು. ಮೂರು ವರ್ಷ ದುಡಿದರೂ ಭೂಮಿ ಕೈಹಿಡಿಯಲಿಲ್ಲ. ಆದರೆ ಋತುಋತುವಿಗೂ ಹೊಲ ಕಾಡುಗಳಲ್ಲಿ ಕಂಡುದನ್ನು ಆತನು ಬರೆದಿಟ್ಟಿದ್ದನು. ಅದು ತಂದೆ ಮಗ ಮಾತನಾಡುತ್ತ ನಡೆಯುವ ರೀತಿಯಲ್ಲಿ, ತಿಂಗಳ ಕ್ರಮದಲ್ಲಿ, 1840ರಲ್ಲಿ ಪುಸ್ತಕವಾಗಿ ಹೊರಬಂದಿತು. ಬರಡಾದ ಹೊಲದಲ್ಲಿ ಬೆಳೆದ ಬೆಳೆ ಅದೇ!

1844ರ ಡಿಸೆಂಬರಿನಲ್ಲಿ ಗಾಸ್ ಜಮೈಕ ದ್ವೀಪದಲ್ಲಿಳಿದನು. ಉತ್ತರದಲ್ಲಿ ಹಿಮ ಬೀಳುವ ಆ ದಿನಗಳಲ್ಲಿ ಅಲ್ಲಿ ಹಸಿರು, ಬಿಸಿಲು. ಕೆನಡದ ಕಾಡುಗಳಲ್ಲಿ ಮರಿಮಾಡುವ ಹಲವು ಹಕ್ಕಿಗಳು ಚಳಿಗಾಲವನ್ನು ಕಳೆಯುವುದು ಈ ದ್ವೀಪಗಳಲ್ಲಿಯೇ. ಕಪ್ಪು ಕಿತ್ತಳೆ ಬಣ್ಣದ ಅಮೆರಿಕದ ರೆಡ್‌ಸ್ಟಾರ್ಟ್ ಅಂಥದೊಂದು. ಸುಮಾರು 8 ಗ್ರಾಂ ತೂಗುವ ಜೀವ ಸಾವಿರಾರು ಮೈಲಿ ಹಾರಿ ಬರುತ್ತದೆ. ಆ ಪಯಣದ ಎರಡು ತುದಿಗಳಲ್ಲಿಯೂ ಬಾಳಿ ನೋಡಿದ ಭಾಗ್ಯ ಗಾಸನದು.

ಬ್ಲೂಫೀಲ್ಡ್ಸ್ ಎಂಬಲ್ಲಿ ನೆಲೆಸಿ ಸುಮಾರು ಹದಿನೆಂಟು ತಿಂಗಳು ಆತನು ದ್ವೀಪವನ್ನು ಸುತ್ತಿದನು. ಆ ಕಾಲದ ಪದ್ಧತಿಯಂತೆ ಕೋವಿಯಿಂದ ಹಕ್ಕಿಗಳನ್ನು ಕೊಂದು ಸಂಗ್ರಹಿಸಿದನೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಹಕ್ಕಿ ಬದುಕಿರುವಾಗ ಏನು ಮಾಡುತ್ತದೆ, ಏನು ತಿನ್ನುತ್ತದೆ ಎಂಬುದನ್ನು ಬರೆದುದೇ ಆತನ ಹೆಚ್ಚಳ. ಸ್ಯಾಮ್ಯುಯೆಲ್ ಕ್ಯಾಂಬೆಲ್ ಎಂಬ ಕರಿಯ ತರುಣನು ಆತನ ಸಹಾಯಕ. ಮಿಶ್ರವರ್ಣದ ಮ್ಯಾಜಿಸ್ಟ್ರೇಟನಾದ ರಿಚರ್ಡ್ ಹಿಲ್ ತಾನು ಕಂಡುದನ್ನೆಲ್ಲ ಹಂಚಿಕೊಂಡನು. ಆ ದ್ವೀಪದಲ್ಲಿ ಗುಲಾಮಗಿರಿ ಪೂರ್ತಿಯಾಗಿ ತೊಲಗಿದುದು 1838ರಲ್ಲಿ. ಅದಾಗಿ ಒಂಬತ್ತೇ ವರ್ಷಕ್ಕೆ, 1847ರಲ್ಲಿ, ಜಮೈಕದ ಹಕ್ಕಿಗಳ ಪುಸ್ತಕ ಹೊರಬಂದಾಗ ಗಾಸ್ ಹಿಲ್ಲನ ಹೆಸರನ್ನೂ ಮುಖಪುಟದಲ್ಲಿ ಅಚ್ಚುಹಾಕಿಸಿದನು.

1849ರಲ್ಲಿ ಮಗ ಎಡ್ಮಂಡ್ ಹುಟ್ಟಿದ ದಿನ, ಆ ಸಂಗತಿಯ ಜೊತೆಗೇ ಜಮೈಕದಿಂದ ಹಸಿರು ಬಣ್ಣದ ಕವಲುತೋಕೆ ಹಕ್ಕಿಯೊಂದು ಬಂದಿತೆಂದೂ ದಿನಚರಿಯಲ್ಲಿ ಬರೆದುಕೊಂಡನಂತೆ! 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಮರುವರ್ಷವೇ ಪತ್ನಿ ತೀರಿಕೊಂಡಳು. ಧರ್ಮಗ್ರಂಥಕ್ಕೂ ಭೂಗರ್ಭಶಾಸ್ತ್ರಕ್ಕೂ ಹೊಂದಾಣಿಕೆ ಮಾಡಹೊರಟ ಆತನ ಪುಸ್ತಕವನ್ನು ಎರಡು ಪಕ್ಷದವರೂ ತಿರಸ್ಕರಿಸಿದರು. ಆದರೂ ಕಡಲತೀರದ ಟಾರ್ಕಿಯ ಬಳಿ ನೋಡುವ ಕೆಲಸವನ್ನು ಬಿಡದೆ, 1888ರಲ್ಲಿ ಗಾಸ್ ಕಣ್ಣುಮುಚ್ಚಿದನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಯಾದ ಮೇಲೆ ಗುಮಾಸ್ತೆಯ ಕೆಲಸವಾದರೂ ಸಿಗಲಿ ಎಂಬುದು ನನ್ನ ತಂದೆಯವರ ಆಸೆ. ಆ ಕೆಲಸ ಸಿಕ್ಕಿದರೆ ಓದು ಅಲ್ಲಿಗೆ ಮುಗಿಯಿತೆಂದು ನಾನು ಒಳಗೊಳಗೇ ಹೆದರಿದ್ದೆನು. ಗಾಸನ ಜೀವನವನ್ನು ಓದಿದ ಮೇಲೆ ಆ ಹೆದರಿಕೆ ಕಡಮೆಯಾಗಿದೆ. ಮುಂದಿನ ಮಾಗಿಗೆ ನಾನು ಯಾವ ಊರಿನ ಯಾವ ಮೇಜಿನ ಮುಂದೆ ಕುಳಿತಿರುವೆನೋ ತಿಳಿಯದು. ಸಿಪಿಲೆ ಬಂದ ದಿನವನ್ನು ಮಾತ್ರ ತಪ್ಪದೆ ಬರೆದಿಡುವೆನು.