ಸಾವಿನ ಮನೆಗೊಂದು ಕಿಟಕಿ

ಗುಣವಾಗದ ಕಾಯಿಲೆಯವರನ್ನು ಮನೆಗೆ ಕರೆದೊಯ್ಯುವಂತೆ ವೈದ್ಯರು ಸೂಚಿಸಿದ ಮೇಲೆ ಆ ರೋಗಿಯ ಹೊಣೆ ಯಾರದು? ಮನೆಯವರದು ಎಂಬುದು ನಾವು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸಹಜವೂ ಹೌದು. ಆದರೆ ಅಂಥ ಹೊತ್ತಿನಲ್ಲಿ ಮನೆಯವರ ಪ್ರೀತಿಯೊಂದೇ ಸಾಲದು. ನೋವನ್ನು ತಡೆಯುವ ಔಷಧ ಬೇಕು, ಹುಣ್ಣು ತೊಳೆಯುವ ಕ್ರಮ ಬಲ್ಲ ದಾದಿ ಬೇಕು, ಅಪರಾತ್ರಿಯಲ್ಲಿ ಕೇಳಿದರೂ ದಾರಿ ತೋರಿಸುವ ವೈದ್ಯರು ಬೇಕು. ಇವನ್ನು ಒದಗಿಸುವುದೂ ವೈದ್ಯಶಾಸ್ತ್ರದ ಕರ್ತವ್ಯವೇ ಎಂದು ಜಗತ್ತಿಗೆ ಮನಗಾಣಿಸಲು ಒಬ್ಬ ಮಹಿಳೆ ಅರ್ಧ ಶತಮಾನ ದುಡಿಯಬೇಕಾಯಿತು. ಅವರು ಇಂಗ್ಲೆಂಡಿನ ಡಾ. ಸಿಸಿಲಿ ಸಾಂಡರ್ಸ್. ಅವರು ತೀರಿಕೊಂಡದ್ದು 2005ರ ಜುಲೈ 14ರಂದು.

ಎರಡು ದಶಕಗಳ ಹಿಂದೆ ಗತಿಸಿದವರನ್ನು ಈಗ ನೆನೆಯಲು ಕಾರಣವಿದೆ. ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದು ಘನತೆಯ ಸಾವಿಗೆ ಅವಕಾಶ ಕೊಡುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ, 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳನ್ನು ಅದು ಜಾರಿಗೆ ತರುತ್ತದೆ. ಆದೇಶ ಸ್ವಾಗತಾರ್ಹ. ಆದರೆ ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ, ಅದನ್ನು ಓದುವಾಗ ನನ್ನ ಹುಟ್ಟೂರಾದ ಕುಮಟಾ ತಾಲ್ಲೂಕಿನ ಕತಗಾಲವೇ ಕಣ್ಣ ಮುಂದೆ ಬಂತು. ಯಂತ್ರವನ್ನು ಕಳಚಿದ ಮೇಲೆ, ಅಥವಾ ಯಂತ್ರವೇ ಬೇಡವೆಂದು ರೋಗಿ ಮನೆಗೆ ಮರಳಿದ ಮೇಲೆ, ಅಲ್ಲಿ ಏನು ವ್ಯವಸ್ಥೆಯಿದೆ? ಸಾಂಡರ್ಸ್ ಅವರ ಬದುಕು ಈ ಪ್ರಶ್ನೆಗೆ ಕೊಟ್ಟ ಉತ್ತರ.

ಅವರು ಹುಟ್ಟಿದ್ದು 1918ರ ಜೂನ್ 22ರಂದು, ಲಂಡನ್ನಿನ ಹೊರವಲಯದ ಬಾರ್ನೆಟ್‌ನ ಸ್ಥಿತಿವಂತ ಕುಟುಂಬದಲ್ಲಿ. ಆಕ್ಸ್‌ಫರ್ಡಿನಲ್ಲಿ ಅವರು ಆರಿಸಿಕೊಂಡ ವಿಷಯಗಳು ರಾಜ್ಯಶಾಸ್ತ್ರ, ತತ್ತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರ. ಎರಡನೆಯ ಮಹಾಯುದ್ಧ ಆ ಓದನ್ನು ತಡೆಯಿತು. 1940ರಲ್ಲಿ ಅವರು ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಗೆ ದಾದಿಯರ ತರಬೇತಿಗಾಗಿ ಸೇರಿದರು. ಬೆನ್ನುನೋವು ಆ ವೃತ್ತಿಯನ್ನೂ ಬಿಡಿಸಿತು. ಆಗ ಅವರು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ರೋಗಿಯ ಮನೆಯ ಸ್ಥಿತಿಗತಿ, ಸಾಲಸೋಲ, ಮಕ್ಕಳ ಗತಿ ಇವನ್ನೆಲ್ಲ ವಿಚಾರಿಸುವ ಕೆಲಸ ಅದು.

ಆ ಕೆಲಸದಲ್ಲಿದ್ದಾಗ ಅವರಿಗೆ ಪರಿಚಯವಾದವರು ಡೇವಿಡ್ ತಾಸ್ಮಾ. ವಾರ್ಸಾದಿಂದ ಬಂದ ಯಹೂದಿ ನಿರಾಶ್ರಿತ. ಹೋಟೆಲಿನಲ್ಲಿ ಮಾಣಿಯಾಗಿ ದುಡಿದವರು. ಸುಮಾರು ನಲವತ್ತರ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದರು. ಗದ್ದಲದ ವಾರ್ಡಿನಲ್ಲಿ ಮಲಗಿದ್ದ ಅವರ ಬಳಿ ಸಾಂಡರ್ಸ್ ಹೋಗಿ ಕೂರುತ್ತಿದ್ದರು. ಸಾಯುವವರಿಗೆಂದೇ ಒಂದು ಮನೆ ಇದ್ದರೆ ಅದು ಹೇಗಿರಬೇಕೆಂದು ಇಬ್ಬರೂ ಮಾತನಾಡಿಕೊಂಡರು. 1948ರ ಫೆಬ್ರವರಿಯಲ್ಲಿ ತೀರಿಕೊಂಡ ತಾಸ್ಮಾ ತಮ್ಮ ಉಳಿತಾಯದ 500 ಪೌಂಡುಗಳನ್ನು, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಲಿ ಎಂಬ ಆಶಯದೊಂದಿಗೆ, ಸಾಂಡರ್ಸ್ ಅವರಿಗೆ ಬಿಟ್ಟುಹೋದರು.

ಕಿಟಕಿಯೇನೋ ಸಿಕ್ಕಿತು; ಅದರ ಸುತ್ತ ಮನೆ ಕಟ್ಟಲು ಹತ್ತೊಂಬತ್ತು ವರ್ಷ ಹಿಡಿಯಿತು. ಅದೇ 1948ರಲ್ಲಿ ಅವರು ಸೇಂಟ್ ಲ್ಯೂಕ್ಸ್ ಎಂಬ ಆಶ್ರಯಧಾಮದಲ್ಲಿ ಸ್ವಯಂಸೇವಕಿಯಾದರು. ಬೇರೆ ಆಸ್ಪತ್ರೆಗಳಲ್ಲಿ ರೋಗಿ ನೋವಿನಿಂದ ಚೀರಿ ಬೇಡಿದ ಮೇಲೆ ಮಾರ್ಫಿನ್ ಚುಚ್ಚುತ್ತಿದ್ದರು. ಇಲ್ಲಿ ನೋವು ಮರುಕಳಿಸುವ ಮೊದಲೇ, ಗಡಿಯಾರ ನೋಡಿ, ಬಾಯಿಯ ಮೂಲಕ ಕೊಡುತ್ತಿದ್ದರು. ಈ ಸಣ್ಣ ವ್ಯತ್ಯಾಸ ರೋಗಿಯ ಇಡೀ ದಿನವನ್ನೇ ಬದಲಿಸುವುದನ್ನು ಅವರು ಕಂಡರು. ಆದರೆ ದಾದಿಯೊಬ್ಬಳ ಅನುಭವವನ್ನು ವೈದ್ಯರು ಕಿವಿಗೆ ಹಾಕಿಕೊಳ್ಳುವಂತಿರಲಿಲ್ಲ. ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಅವರ ಸಲಹೆಯಂತೆ ಸಾಂಡರ್ಸ್ 1951ರಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯಾಗಿ, 1957ರಲ್ಲಿ ವೈದ್ಯೆಯಾದರು.

1958ರಿಂದ ಅವರು ಸೇಂಟ್ ಜೋಸೆಫ್ಸ್ ಹಾಸ್ಪೀಸಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಶಿಸ್ತಿನಿಂದ ಕಲೆಹಾಕಿದರು. ಸರಿಯಾದ ಪ್ರಮಾಣದಲ್ಲಿ, ಸರಿಯಾದ ವೇಳೆಗೆ ಕೊಟ್ಟ ಮಾರ್ಫಿನ್ ರೋಗಿಯನ್ನು ವ್ಯಸನಿಯಾಗಿಸುವುದಿಲ್ಲ ಎಂಬುದಕ್ಕೆ ಆ ದಾಖಲೆಗಳೇ ಆಧಾರವಾದವು. ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು ಎಂಬ ಸಮಗ್ರ ನೋವಿನ ಕಲ್ಪನೆ ರೂಪುಗೊಂಡದ್ದೂ ಅಲ್ಲಿಯೇ. ಮಗಳ ಮದುವೆಯ ಚಿಂತೆಯಲ್ಲಿರುವ ತಂದೆಗೆ ಮಾತ್ರೆಯೊಂದರಿಂದಲೇ ನಿದ್ದೆ ಬಾರದು ಎಂಬುದನ್ನು ನಮ್ಮ ಹಳ್ಳಿಯ ಅಜ್ಜಿಯರೂ ಬಲ್ಲರು. ಸಾಂಡರ್ಸ್ ಅದನ್ನು ವೈದ್ಯಶಾಸ್ತ್ರದ ಪಾಠವಾಗಿಸಿದರು.

ದುಃಖವನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ. ಅದೇ ಹಾಸ್ಪೀಸಿನಲ್ಲಿ ಅವರು ಆಳವಾಗಿ ಪ್ರೀತಿಸಿದ ಪೋಲೆಂಡಿನ ರೋಗಿ ಅಂತೋನಿ ಮಿಖ್ನಿಯೆವಿಚ್ 1960ರಲ್ಲಿ ತೀರಿಕೊಂಡರು. ಮರುವರ್ಷ ತಂದೆಯೂ ಹೋದರು. ರೋಗಿಯೊಬ್ಬನಿಗಾಗಿ ವೈದ್ಯೆ ಬಹಿರಂಗವಾಗಿ ಅಳುವಂತಿಲ್ಲ. ಬಂಧುವಲ್ಲದವರಿಗೆ ಸೂತಕವೂ ಇಲ್ಲ, ಸಾಂತ್ವನವೂ ಇಲ್ಲ. ಸತ್ತವರ ಹಿಂದೆ ಉಳಿದವರೂ ಆರೈಕೆಗೆ ಅರ್ಹರು ಎಂಬ ನಿಲುವು ಮುಂದೆ ಅವರ ಸಂಸ್ಥೆಯ ಆಧಾರಸ್ತಂಭವಾಯಿತು.

ಲಂಡನ್ನಿನ ಸಿಡೆನ್ಹ್ಯಾಮಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಬಾಗಿಲು ತೆರೆದದ್ದು 1967ರಲ್ಲಿ. ತಾಸ್ಮಾ ಅವರ ಹೆಸರಿನ ಕಿಟಕಿ ಅಲ್ಲಿದೆ. ಆರೈಕೆ, ಸಂಶೋಧನೆ, ಬೋಧನೆ ಮೂರೂ ಒಂದೇ ಸೂರಿನಡಿ ಸೇರಿದ್ದು ಅದರ ಹೊಸತನ. 1969ರಲ್ಲಿ ದಾದಿಯರು ರೋಗಿಗಳ ಮನೆಗೇ ಹೋಗತೊಡಗಿದರು. ಮನೋವೈದ್ಯ ಕಾಲಿನ್ ಮರ್ರಿ ಪಾರ್ಕ್ಸ್ ಅವರ ನೆರವಿನಿಂದ, ಸಾವು ಸಂಭವಿಸಿದ ಮನೆಗಳಿಗೆ ತರಬೇತಾದ ಸ್ವಯಂಸೇವಕರು ಭೇಟಿ ಕೊಡುವ ಏರ್ಪಾಟು ಬೆಳೆಯಿತು. ದಯಾಮರಣವನ್ನು ಕಾನೂನುಬದ್ಧಗೊಳಿಸುವುದಕ್ಕೆ ಸಾಂಡರ್ಸ್ ಕೊನೆಯವರೆಗೂ ವಿರೋಧಿಯಾಗಿದ್ದರು. ನೋವನ್ನು ನೀಗಿಸದೆ ಸಾವಿನ ಆಯ್ಕೆಯನ್ನು ಮುಂದಿಡುವುದು ನ್ಯಾಯವಲ್ಲ ಎಂಬುದು ಅವರ ವಾದದ ತಿರುಳು. 61ನೆಯ ವಯಸ್ಸಿನಲ್ಲಿ, 1980ರಲ್ಲಿ, ಅವರು ಪೋಲೆಂಡ್ ಮೂಲದ ಚಿತ್ರಕಲಾವಿದ ಮರಿಯಾನ್ ಬೊಹುಷ್ ಅವರನ್ನು ವರಿಸಿದರು. ಪತಿ 1995ರಲ್ಲಿ ಕೊನೆಯುಸಿರೆಳೆದದ್ದು ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿಯೇ. ಹತ್ತು ವರ್ಷಗಳ ಬಳಿಕ ಸ್ತನ ಕ್ಯಾನ್ಸರಿನಿಂದ ಬಳಲಿದ ಸಾಂಡರ್ಸ್ ಅವರೂ ತಾವು ಕಟ್ಟಿದ ಆ ಮನೆಯಲ್ಲಿಯೇ ತೀರಿಕೊಂಡರು.

ಅವರ ವಿಚಾರ ಭಾರತಕ್ಕೆ ಬಂದದ್ದು ತಡವಾಗಿ. ದೇಶದ ಮೊದಲ ಹಾಸ್ಪೀಸ್ ‘ಶಾಂತಿ ಅವೇದನಾ’ 1986ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯದ ಹಿಂದಿರುವ ಟ್ರಸ್ಟ್ 1994ರಲ್ಲಿ ಹುಟ್ಟಿತು. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಅದು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಸಾಂಡರ್ಸ್ ಅವರ ಆಶಯವನ್ನು ಬಡ ದೇಶಕ್ಕೆ ಒಗ್ಗಿಸಿದ್ದು ಕೇರಳ. ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ 1993ರಲ್ಲಿ ಆರಂಭಿಸಿದ ಕೆಲಸ, ನೆರೆಹೊರೆಯವರೇ ತರಬೇತಿ ಪಡೆದು ರೋಗಿಯ ಮನೆಗೆ ಹೋಗುವ ಜಾಲವಾಗಿ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದಕ್ಕೊಂದು ನೀತಿ ರೂಪಿಸಿ, ಪಂಚಾಯ್ತಿಗಳನ್ನೂ ಹೊಣೆಗಾರರನ್ನಾಗಿಸಿತು.

ಅಡ್ಡಿಯಾದದ್ದು ಹಣವಲ್ಲ, ಕಾಗದಪತ್ರ. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ನಮ್ಮ ದೇಶದಲ್ಲಿ, 1985ರ ಮಾದಕದ್ರವ್ಯ ಕಾಯ್ದೆಯ ನಂತರ ಮಾರ್ಫಿನ್ ಪಡೆಯಲು ಹಲವು ಪರವಾನಗಿಗಳು ಬೇಕಾದವು. ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಈ ತೊಡಕನ್ನು ಸಡಿಲಿಸಿತು. ಭಯ ಮಾತ್ರ ಸಡಿಲಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ವಿಪರ್ಯಾಸವಿದು: ತೀವ್ರ ನಿಗಾ ಘಟಕದ ಕೊನೆಯ ಕೆಲವು ದಿನಗಳಿಗಾಗಿ ಕುಟುಂಬಗಳು ತೋಟವನ್ನು ಅಡವಿಡುತ್ತವೆ, ಅಗ್ಗದ ಮಾತ್ರೆಯಿಂದ ನೀಗಬಹುದಾದ ನೋವು ಹಾಗೆಯೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂಥ ಆರೈಕೆ ಅಗತ್ಯವಿರುವವರಲ್ಲಿ ಅದನ್ನು ಪಡೆಯುತ್ತಿರುವವರು ಸುಮಾರು ಶೇ 14 ಮಾತ್ರ.

ಕತಗಾಲ ಇರುವುದು ಕುಮಟಾ–ಶಿರಸಿ ರಸ್ತೆಯಲ್ಲಿ, ದೇವಿಮನೆ ಘಟ್ಟದ ಕೆಳಗೆ. ಮಳೆಗಾಲದಲ್ಲಿ ಚಂಡಿಕಾ ನದಿ ಉಕ್ಕಿದರೆ ರಸ್ತೆಯೇ ಮುಚ್ಚುತ್ತದೆ. ದೊಡ್ಡ ಕಾಯಿಲೆಗೆ ನಮ್ಮವರು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೋಗಬೇಕು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ 2019ರಲ್ಲೂ 2022ರಲ್ಲೂ ದನಿಯೆತ್ತಿದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಎಂಥ ದೊಡ್ಡ ಆಸ್ಪತ್ರೆ ಬಂದರೂ ಕೆಲವರು ಗುಣವಾಗದೆ ಮನೆಗೆ ಮರಳುತ್ತಾರೆ. ಅವರಿಗಾಗಿ ಬೇಕಾದದ್ದು ಇನ್ನೊಂದು ಕಟ್ಟಡವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ, ಅದನ್ನು ಅಂಜದೆ ಬರೆದುಕೊಡುವ ತರಬೇತಾದ ವೈದ್ಯರು, ವಾರಕ್ಕೊಮ್ಮೆಯಾದರೂ ಮನೆಗೆ ಬರುವ ದಾದಿ ಇಷ್ಟಿದ್ದರೆ ಆರಂಭಕ್ಕೆ ಸಾಕು.

ಉಳಿದವರ ದುಃಖದ ವಿಷಯದಲ್ಲಿ ನಮ್ಮ ಹಳ್ಳಿಗಳು ಬಡವಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತದ ದಿನ ನೆರೆಮನೆಯ ಅನ್ನ ಬರುತ್ತದೆ. ಹದಿಮೂರನೆಯ ದಿನದವರೆಗೆ ಜಗುಲಿ ತುಂಬಿರುತ್ತದೆ. ಹದಿನಾಲ್ಕನೆಯ ದಿನದಿಂದ ಆ ಮನೆ ಖಾಲಿ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಮರಳಿದ ಮೇಲೆ ಒಂಟಿಯಾಗುವ ಹಿರಿಜೀವವನ್ನು ಮೂರನೆಯ ತಿಂಗಳಲ್ಲಿ ವಿಚಾರಿಸುವವರು ಯಾರು? ಮನೆಮನೆಯನ್ನೂ ಬಲ್ಲ ಆಶಾ ಕಾರ್ಯಕರ್ತೆಯರಿಗೆ ಇದರ ತರಬೇತಿ ಕೊಡಬಹುದು, ತಕ್ಕ ಸಂಭಾವನೆಯ ಜತೆಗೆ.

2025ರ ಆದೇಶ ಬೇಡದ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕಿಗೆ ದಾರಿ ಮಾಡಿತು. ಬೇಕಾದ ಆರೈಕೆಯನ್ನು ಪಡೆಯುವ ಹಕ್ಕಿಗೂ ಅಷ್ಟೇ ಸ್ಪಷ್ಟವಾದ ಇನ್ನೊಂದು ಆದೇಶ, ಅದರ ಬೆನ್ನಿಗೆ ಆಯವ್ಯಯದಲ್ಲಿ ಒಂದು ಸಾಲು ಬೇಕು. ಅದು ಬರುವವರೆಗೆ ಘನತೆಯ ಸಾವೆಂಬುದು ನಗರದ ದೊಡ್ಡ ಆಸ್ಪತ್ರೆಗಳ ಗೋಡೆಯೊಳಗೇ ಉಳಿಯುತ್ತದೆ. ಘಟ್ಟದ ಕೆಳಗಿನ ಮನೆಗಳಿಗೆ ತಲುಪುವುದಿಲ್ಲ.