ದರಿಯಾ ದೌಲತ್‌ನಲ್ಲಿ ಕೂತು ಬರೆದ ಕಾಗದಗಳು

ನಾನು ಮಂಡ್ಯದವಳು. ಮನೆಗೆ ಯಾರೇ ನೆಂಟರು ಬಂದರೂ ಅವರಿಗೆ ಶ್ರೀರಂಗಪಟ್ಟಣ ತೋರಿಸುವುದು ನಮ್ಮ ಮನೆಯ ಪದ್ಧತಿ. ಮೊದಲು ರಂಗನಾಥನ ದರ್ಶನ, ಆಮೇಲೆ ಸಂಗಮ, ಟಿಪ್ಪು ಬಿದ್ದ ಜಾಗ, ಕೊನೆಗೆ ದರಿಯಾ ದೌಲತ್. ಟಿಪ್ಪುವಿನ ನಂತರ ಅದೇ ದರಿಯಾ ದೌಲತ್‌ನಲ್ಲಿ ಇಂಗ್ಲಿಷ್ ಕರ್ನಲ್ ಒಬ್ಬ ವಾಸವಾಗಿದ್ದ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಅವನೇ ಎನ್ನುವುದು ನನ್ನ ತಲೆಗೆ ಹತ್ತಿದ್ದು ಪುಣೆಗೆ ಬಂದ ಮೇಲೆ! ಅವನ ಪತ್ರಗಳ ಹಳೆಯ ಸಂಪುಟಗಳು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆಫೀಸ್ ಬಸ್ಸು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಮೊಬೈಲಿನಲ್ಲಿ ಸ್ವಲ್ಪ ಸ್ವಲ್ಪ ಓದುತ್ತಾ ಹೋದೆ. ನಮ್ಮೂರನ್ನು ಗೆದ್ದವನ ಕಾಗದ ಓದುವಾಗ ಮೊದಮೊದಲು ಸ್ವಲ್ಪ ಮುಜುಗರವೇ ಆಗುತ್ತಿತ್ತು.

ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನಲ್ಲಿ. ಹೆಸರು ದೊಡ್ಡದು, ಕೈಯಲ್ಲಿ ಕಾಸಿಲ್ಲದ ಮನೆತನ. ಕಿಟ್ಟಿ ಪ್ಯಾಕೆನ್‌ಹ್ಯಾಮ್ ಎಂಬ ಹುಡುಗಿಯನ್ನು ಮೆಚ್ಚಿ 1793ರಲ್ಲಿ ಮದುವೆಗೆ ಕೇಳಿದ. ಸಾಲಗಾರ ಹುಡುಗ, ಭವಿಷ್ಯವಿಲ್ಲ ಎಂದು ಅವಳ ತಮ್ಮ ಸಾರಾಸಗಟಾಗಿ ನಿರಾಕರಿಸಿದ. ಅವತ್ತಿನ ತನಕ ಚೆನ್ನಾಗಿ ಪಿಟೀಲು ನುಡಿಸುತ್ತಿದ್ದವನು ತನ್ನ ಪಿಟೀಲುಗಳನ್ನು ಸುಟ್ಟುಬಿಟ್ಟ. ಆದರೆ ಅವಳಿಗೆ ಒಂದು ಕಾಗದ ಬರೆದ: ಮುಂದೆ ಎಂದಾದರೂ ಪರಿಸ್ಥಿತಿ ಬದಲಾದರೆ ತನ್ನ ಮನಸ್ಸು ಮಾತ್ರ ಬದಲಾಗಿರುವುದಿಲ್ಲ ಎಂದು. ಈ ಒಂದು ಸಾಲು ಮುಂದೆ ಇಬ್ಬರಿಗೂ ಎಷ್ಟು ದುಬಾರಿಯಾಯಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

1797ರಲ್ಲಿ ಕಲ್ಕತ್ತೆಗೆ ಬಂದಿಳಿದ. ಮರುವರ್ಷ ಅವನ ದೊಡ್ಡಣ್ಣನೇ ಗವರ್ನರ್ ಜನರಲ್ ಆಗಿ ಬಂದ. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ವೆಲ್ಲೆಸ್ಲಿ ತನ್ನ ಸೈನಿಕರನ್ನು ನುಗ್ಗಿಸಿದ. ಕಗ್ಗತ್ತಲು, ಮರಗಳ ನಡುವೆ ಕಾಲುವೆಗಳು, ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್ಟು. ಪಡೆ ಚೆದುರಿಹೋಯಿತು, ಅವನ ಮೊಣಕಾಲಿಗೂ ಏಟು ಬಿತ್ತು, ಹನ್ನೆರಡು ಜನ ಸೆರೆಸಿಕ್ಕರು. ಅಣ್ಣನಿಗೆ ಬರೆದ ಪತ್ರದಲ್ಲಿ ಅವನು ನೆಪ ಹುಡುಕುವುದಿಲ್ಲ. ಹಗಲಿನಲ್ಲಿ ಕಣ್ಣಾರೆ ನೋಡದ ಜಾಗದ ಮೇಲೆ ಇನ್ನು ಮುಂದೆ ರಾತ್ರಿ ದಾಳಿ ಮಾಡುವುದಿಲ್ಲ ಎಂದು ನಿರ್ಧರಿಸಿದ್ದೇನೆ ಎನ್ನುತ್ತಾನೆ, ಅಷ್ಟೇ. ನಮ್ಮ ಕಡೆ ರಾತ್ರಿ ಮಾಡಿದ ರಿಲೀಸ್ ಕೈಕೊಟ್ಟರೆ ಬೆಳಿಗ್ಗೆ ಎಷ್ಟು ಪುಟದ ಸಮಜಾಯಿಷಿ ಬರುತ್ತದೆ ಎಂದು ನೆನಪಾಗಿ ನಗು ಬಂತು.

ಮೇ 4ರಂದು ಕೋಟೆ ಬಿತ್ತು. ರಾತ್ರಿಯಿಡೀ ಲೂಟಿ. ಪಟ್ಟಣದಲ್ಲಿ ದೋಚದೆ ಉಳಿದ ಮನೆಯೇ ಇಲ್ಲವೆನ್ನಬೇಕು ಎಂದು ಅಣ್ಣನಿಗೆ ಬರೆದವನೂ ಅವನೇ. ಮರುದಿನ ಅಧಿಕಾರ ವಹಿಸಿಕೊಂಡು, ಲೂಟಿಕೋರರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ ನಿಲ್ಲಿಸಿದ. ಕೋಟೆಗೆ ಮೊದಲು ನುಗ್ಗಿದ್ದು ಜನರಲ್ ಬೇರ್ಡ್, ಪಟ್ಟಣದ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್ಲನ ತಮ್ಮನಿಗೆ. ಬೇರ್ಡ್‌ಗೆ ಹೊಟ್ಟೆ ಉರಿದಿದ್ದರಲ್ಲಿ ತಪ್ಪೇನಿಲ್ಲ.

ಮುಂದಿನ ವರ್ಷಗಳ ಕಾಗದಗಳಲ್ಲಿ ನಾನು ವೀರಾವೇಶ ಹುಡುಕಿದೆ, ಸಿಕ್ಕಿದ್ದು ಎತ್ತುಗಳು! ಎಷ್ಟು ಎತ್ತು, ಯಾವ ತಳಿ, ಯಾರು ಹೊಡೆಯುತ್ತಾರೆ, ಮೇವು ಎಲ್ಲಿ, ಅಕ್ಕಿ ಎಷ್ಟು ದಿನಕ್ಕೆ ಸಾಲುತ್ತದೆ, ಬಂಜಾರರು ಧಾನ್ಯ ತಂದರೋ ಇಲ್ಲವೋ, ನದಿ ತುಂಬುವ ಮೊದಲು ಹರಿಗೋಲು ಸಿದ್ಧವಾಗಿದೆಯೋ. ಒಳ್ಳೆಯ ಎತ್ತು, ಅವನ್ನು ಚೆನ್ನಾಗಿ ನೋಡಿಕೊಳ್ಳುವವರು ಇಲ್ಲದೆ ಸೈನ್ಯ ಬೇಗ ಸಾಗದು ಎನ್ನುವುದು ಅವನು ಮತ್ತೆ ಮತ್ತೆ ಹೇಳುವ ಮಾತು. ನಮ್ಮ ಅಮೃತ್ ಮಹಲ್ ಎತ್ತುಗಳನ್ನು ಕಂಡರೆ ಅವನಿಗೆ ಪ್ರಾಣ. ಮುಂದೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಯುದ್ಧ ಮಾಡುವಾಗಲೂ ಅವನ್ನೇ ನೆನೆದನಂತೆ. ಹಟ್ಟಿಯಲ್ಲಿ ಎರಡು ಜೊತೆ ಎತ್ತು ಕಟ್ಟಿದ್ದ ನಮ್ಮ ತಾತನಿಗೆ ಈ ಕಾಗದಗಳನ್ನು ಓದಿ ಹೇಳಿದ್ದರೆ ವೆಲ್ಲೆಸ್ಲಿಯನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟಿರುತ್ತಿದ್ದರೇನೋ.

ಹಾಗೆಂದು ಮೆತ್ತಗಾಗುವಂತಿಲ್ಲ. ವೈನಾಡಿನ ಪಳಶ್ಶಿ ರಾಜನ ವಿರುದ್ಧ ಹಳ್ಳಿಗಳನ್ನು ಸುಟ್ಟು ದನಗಳನ್ನು ಹೊಡೆದುಕೊಂಡು ಬರಬೇಕೆಂದು ಅಧಿಕಾರಿಗಳಿಗೆ ತಿಳಿಸಿದ ಪತ್ರವೂ ಅದೇ ಶಾಂತ ಧಾಟಿಯಲ್ಲಿದೆ. 1802ರಲ್ಲಿ ಸಕಲೇಶಪುರದ ಕಡೆಯ ಬಲಂ ಪಾಳೆಯಗಾರನನ್ನು ಕಾಡಿನಲ್ಲಿ ಹಿಡಿಸಿ ಗಲ್ಲಿಗೇರಿಸಿದ. ಎತ್ತಿನ ಲೆಕ್ಕ ಬರೆದಂತೆಯೇ ಇದನ್ನೂ ಬರೆಯುತ್ತಾನೆ. ಒಂದು ಸಂಜೆ ಇಂಥದ್ದನ್ನು ಓದಿ ಮೊಬೈಲ್ ಮುಚ್ಚಿಟ್ಟವಳು ವಾರಗಟ್ಟಲೆ ತೆರೆಯಲಿಲ್ಲ.

ಮತ್ತೆ ತೆರೆದಾಗ ಸಿಕ್ಕಿದ್ದು ಸಲಾಬತ್ ಖಾನ್. ಚನ್ನಗಿರಿಯ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ದಂಡು ಕಟ್ಟಿ, ವರ್ಷದ ಮೇಲೆ ಇಂಗ್ಲಿಷರನ್ನು ಓಡಾಡಿಸಿದವನು. 1800ರ ಸೆಪ್ಟೆಂಬರ್ 10ರಂದು ರಾಯಚೂರಿನ ಹತ್ತಿರ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯೇ ಕುದುರೆ ಪಡೆಯ ಮುಂದೆ ನಿಂತು ಅವನನ್ನು ಮುಗಿಸಿದ. ಆ ದಂಡಿನ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಮಗು ಸಿಕ್ಕಿತು, ಧೋಂಡಿಯನ ಮಗ. ಅದನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿಸಿದ. ಭಾರತ ಬಿಡುವಾಗ ಹುಡುಗನ ಖರ್ಚಿಗೆ ಶ್ರೀರಂಗಪಟ್ಟಣದಲ್ಲಿ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ತಂದೆಯನ್ನು ಕೊಂದವನು ಅನ್ನ ಹಾಕಿದ್ದನ್ನು ಆ ಹುಡುಗ ಹೇಗೆ ಕಂಡನೋ, ಅವನ ಕಾಗದ ಯಾವುದೂ ನನ್ನ ಕೈಗೆ ಸಿಗಲಿಲ್ಲ.

ನಮ್ಮ ಪುಣೆಗೂ ಅವನು ಬಂದಿದ್ದ. ಹೋಳ್ಕರನಿಗೆ ಹೆದರಿ ವಸಾಯಿಗೆ ಓಡಿಹೋಗಿದ್ದ ಎರಡನೇ ಬಾಜೀರಾಯನನ್ನು ಗಾದಿಗೆ ಕೂರಿಸಲು 1803ರ ಮಾರ್ಚ್‌ನಲ್ಲಿ ಹರಿಹರದಿಂದ ಹೊರಟ. ಊರಿಗೆ ಬೆಂಕಿ ಹಚ್ಚುತ್ತಾರೆಂಬ ಸುದ್ದಿ ಕೇಳಿ, ಕೊನೆಯ ಸುಮಾರು 95 ಕಿ.ಮೀ. ದಾರಿಯನ್ನು ಕುದುರೆ ಪಡೆಯೊಂದಿಗೆ 32 ಗಂಟೆಗಳಲ್ಲಿ ಸವೆಸಿ ಏಪ್ರಿಲ್ 20ರಂದು ತಲುಪಿದ. ಅದೇ ಸೆಪ್ಟೆಂಬರ್ 23ರಂದು ಜಾಲ್ನಾ ಜಿಲ್ಲೆಯ ಅಸ್ಸಾಯೆ ಯುದ್ಧ. ಗೆದ್ದ, ಆದರೆ ಅವನ ಕಡೆಯೇ 1,500ಕ್ಕೂ ಹೆಚ್ಚು ಜನ ಸತ್ತು ಗಾಯಗೊಂಡರು. ಆ ರಾತ್ರಿ ಹೆಣಗಳ ನಡುವೆಯೇ ಮಲಗಿದವನಿಗೆ ತನ್ನ ಗೆಳೆಯರೆಲ್ಲ ಸತ್ತರೆಂಬ ಕನಸು ಬಿದ್ದು ಮತ್ತೆ ಮತ್ತೆ ಎಚ್ಚರವಾಗುತ್ತಿತ್ತಂತೆ. ನವೆಂಬರ್ 1ರಂದು ಥಾಮಸ್ ಮನ್ರೋಗೆ ಬರೆದ ಪತ್ರದಲ್ಲಿ ಸೈನ್ಯವನ್ನು ಎರಡು ಭಾಗ ಮಾಡಿದ್ದೇಕೆ, ಕಾಯದೆ ಮೇಲೆ ಬಿದ್ದದ್ದೇಕೆ ಎಂದು ಒಂದೊಂದಾಗಿ ವಿವರಿಸುತ್ತಾನೆ. ಮನ್ರೋ ಏನೆಂದುಕೊಂಡಾನೋ ಎಂಬ ಅಳುಕು ಕಾಣಿಸುತ್ತದೆ. ಗೆದ್ದವನಿಗೂ ಒಬ್ಬ ಗೆಳೆಯನ ಮೆಚ್ಚುಗೆ ಬೇಕಿತ್ತು.

1805ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಗೌರವದಿಂದ ಬೀಳ್ಕೊಡುಗೆಯ ಪತ್ರ ಬರೆದು ಮದರಾಸಿನಿಂದ ಹಡಗು ಹತ್ತಿದ. ಇನ್ನು ಕಿಟ್ಟಿಯ ಮಾತು.

ಅವಳು ಆ ಹಳೆಯ ಕಾಗದವನ್ನು ನಂಬಿ ಇನ್ನೊಬ್ಬ ಸೇನಾಧಿಕಾರಿಯೊಂದಿಗೆ ಆದ ನಿಶ್ಚಯವನ್ನು ಮುರಿದುಕೊಂಡು ಕಾದಿದ್ದಳು. ಇವನೂ ಕೊಟ್ಟ ಮಾತಿಗೆ ಕಟ್ಟುಬಿದ್ದು, ಮುಖ ನೋಡದೆ, ಕಾಗದದಲ್ಲೇ ಮತ್ತೆ ಕೇಳಿದ. ತಾನು ತುಂಬ ಬದಲಾಗಿದ್ದೇನೆ, ಮೊದಲು ಒಮ್ಮೆ ಬಂದು ನೋಡು ಎಂದು ಅವಳು ಎಚ್ಚರಿಸಿದರೂ ಕೇಳಲಿಲ್ಲ. 1806ರ ಏಪ್ರಿಲ್ 10ರಂದು ಡಬ್ಲಿನ್‌ನಲ್ಲಿ ಮದುವೆ. ಇಬ್ಬರು ಗಂಡುಮಕ್ಕಳಾದರು. 1809ರಿಂದ 1814ರ ತನಕ ಐದು ವರ್ಷ ಗಂಡ ಯುದ್ಧರಂಗದಲ್ಲಿ. ಅವಳು ಮನೆಯಲ್ಲಿ ಡೈರಿ ಬರೆಯುತ್ತಾ, ಸಮೀಪದೃಷ್ಟಿಯ ಕಣ್ಣು ಕಿರಿದು ಮಾಡಿಕೊಂಡು, ಮಕ್ಕಳನ್ನು ಬೆಳೆಸಿದಳು. ಎತ್ತಿನ ಲೆಕ್ಕ ತಪ್ಪದವನಿಗೆ ಹೆಂಡತಿಯ ಮನೆಖರ್ಚಿನ ಲೆಕ್ಕ ತಪ್ಪುವುದನ್ನು ಸಹಿಸಲಾಗಲಿಲ್ಲ. ಅದೇ ವಿಷಯಕ್ಕೆ ಕಟುವಾದ ಪತ್ರಗಳು. ಬೇರೆ ಹೆಂಗಸರಿಗೆ ಬರೆದ ಸಲಿಗೆಯ ಪತ್ರಗಳೂ ಇವೆ.

ಅದೇ ಮನುಷ್ಯ ವಾಟರ್ಲೂ ಗೆದ್ದ ಮರುದಿನ, 1815ರ ಜೂನ್ 19ರಂದು, ತನ್ನ ಆಪ್ತ ಅಧಿಕಾರಿ ಗಾರ್ಡನ್ನನ ಸಾವನ್ನು ಅವನ ಅಣ್ಣನಿಗೆ ತಿಳಿಸುತ್ತಾ, ಇಷ್ಟು ಬೆಲೆ ಕೊಟ್ಟು ಪಡೆದ ಕೀರ್ತಿ ತನಗೆ ಯಾವ ಸಮಾಧಾನವನ್ನೂ ಕೊಡುತ್ತಿಲ್ಲ ಎಂದು ಬರೆಯುತ್ತಾನೆ. ಹೊರಗಿನವರ ದುಃಖಕ್ಕೆ ಅವನಲ್ಲಿ ಮಾತಿತ್ತು.

ಕಿಟ್ಟಿ ತೀರಿಕೊಂಡದ್ದು 1831ರ ಏಪ್ರಿಲ್‌ನಲ್ಲಿ. ಕೊನೆಯ ದಿನಗಳಲ್ಲಿ ಅವನು ಹಾಸಿಗೆಯ ಪಕ್ಕದಲ್ಲೇ ಇದ್ದ. ಬಹಳ ಹಿಂದೆ ತಾನು ಕೊಟ್ಟಿದ್ದ ತಾಯಿತ ಅವನ ತೋಳಿನಲ್ಲಿ ಇದೆಯೋ ಎಂದು ಅವಳು ಅಂಗಿಯ ತೋಳಿನೊಳಗೆ ಬೆರಳು ತೂರಿಸಿ ನೋಡಿದಳು. ಇತ್ತು. ಇಪ್ಪತ್ತು ವರ್ಷಗಳಲ್ಲಿ ಯಾವಾಗ ಹುಡುಕಿದ್ದರೂ ಸಿಗುತ್ತಿತ್ತು ಎಂದು ಅವನು ಆಮೇಲೆ ಆಪ್ತರೊಬ್ಬರಿಗೆ ಹೇಳಿಕೊಂಡನಂತೆ. ಸಾವಿರಾರು ಕಾಗದ ಬರೆದ ಮಹಾರಾಯ ಅದನ್ನೂ ಅವಳಿಗೆ ಒಂದು ಸಾಲು ಬರೆದು ತಿಳಿಸಬಹುದಿತ್ತಲ್ಲವೇ?